ಬಾಲಕ್ಕೆ ಸುತ್ತಿದ ಬಲೆ

ಹೊಳೆ ಕಡಲು ಸೇರುವಲ್ಲಿ ಹಾಕಿದ ಬಲೆ ಹರಿದರೆ ಅಣ್ಣನಿಗೆ ಮೈಯೆಲ್ಲ ಉರಿ. "ಈ ನೀರುನಾಯಿಗಳಿಗೆ ನಮ್ಮ ಬಲೇನೇ ಬೇಕಾ? ಬಾಯಿ ಹಾಕಿದಲ್ಲೆಲ್ಲ ಕಿಂಡಿ!" ಎಂದು ಬೈಯುತ್ತ, ತೀರಾ ಹರಿದ ಭಾಗವನ್ನು ದೋಣಿಯಲ್ಲೇ ಕತ್ತರಿಸಿ ನೀರಿಗೆ ಎಸೆಯುತ್ತಿದ್ದ. ಉಳಿದದ್ದು ತಂಗಿಯ ಮುಂದೆ ಬಂದು ಬೀಳುತ್ತಿತ್ತು. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಮಾತು ಕಡಿಮೆ. ಹಳದಿ ದಾರದಲ್ಲಿ ಎರಡೆರಡು ಗಂಟು ಹಾಕಿ ತೇಪೆ ಹೆಣೆಯುತ್ತಿದ್ದಳು. ಆ ತೇಪೆಯ ಸುತ್ತ ಮತ್ತೆ ಹರಿದರೆ ಅದೂ ನೀರಿಗೇ.

"ಒಂದು ಗಂಟು ಸಾಲದೇನೇ? ಇದನ್ನ ಬಿಚ್ಚೋಕೆ ಇನ್ನೊಂದು ಜನ್ಮ ಎತ್ತಬೇಕು," ಎಂದು ಅಣ್ಣ ಛೇಡಿಸುತ್ತಿದ್ದ.

ಆ ದಿನ ಬೆಳಿಗ್ಗೆ ಕಡಲ ದಡದಲ್ಲಿ ಕೂಗಾಟ. ಇಬ್ಬರೂ ಓಡಿದರು. ಮರಳಿನ ಮೇಲೆ ಡಾಲ್ಫಿನ್ ಒಂದು ಬಿದ್ದಿತ್ತು. ಐಸ್ ಅಂಗಡಿಯವನು ಕೊಡ ಎತ್ತಿ ಅದರ ತಲೆಗೆ ನೀರು ಸುರಿಯುತ್ತಿದ್ದ. ಅಣ್ಣ ಬಾಲ ಹಿಡಿದು ಎಳೆಯಲು ಹೋದ.

"ಬಿಡಿ! ತಲೆಗೆ ನೀರು ಹಾಕಬೇಡಿ!" ಸುದ್ದಿ ತಿಳಿದ ಊರಿನ ಪಶುವೈದ್ಯೆ ಏದುಸಿರು ಬಿಡುತ್ತ ಬಂದರು. "ಅದರ ಮೂಗು ನೆತ್ತಿಯ ಮೇಲಿದೆ. ಒಳಗೆ ನೀರು ಹೋದರೆ ಉಸಿರು ಕಟ್ಟುತ್ತೆ."

"ಮೀನಿಗೆ ನೀರಿಂದ ಉಸಿರು ಕಟ್ಟುತ್ತಾ? ಯಾರ ಕಿವಿಗೆ ಹೂವಿಡ್ತೀರಿ ಮೇಡಂ?" ಅಣ್ಣ ನಕ್ಕ.

"ಮೀನಲ್ಲಪ್ಪ. ಹೊಳೆಯ ನೀರುನಾಯಿ ಹಾಗೆ, ನಮ್ಮ ಹಾಗೆ, ಇದೂ ಗಾಳಿ ಉಸಿರಾಡುತ್ತೆ. ಮರಿ ಹೆತ್ತು ಹಾಲು ಕುಡಿಸುತ್ತೆ."

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅದರ ಹೊಟ್ಟೆಯ ಕೆಳಗಿನ ಮರಳು ಬೆಳ್ಳಗಾಯಿತು. ಹಾಲು! ಅವನ ನಗು ಅಲ್ಲೇ ಸತ್ತಿತು. ಆಚೆ, ಎದೆಮಟ್ಟದ ನೀರಿನಲ್ಲಿ, ಪುಟ್ಟ ಬೆನ್ನೊಂದು ಏಳುತ್ತ ಮುಳುಗುತ್ತ ಸುತ್ತುತ್ತಿತ್ತು.

"ಮರಿ ಕಾಯ್ತಾ ಇದೆ," ಎಂದರು ವೈದ್ಯೆ. "ತಾಯಿ ಹೋದರೆ ಅದೂ ಉಳಿಯಲ್ಲ."

ಗುಬ್ಬಿ ಬಾಲವನ್ನೇ ನೋಡುತ್ತಿದ್ದಳು. ಬಲೆಯ ತುಂಡು ಮಾಂಸದೊಳಗೆ ಇಳಿದಿತ್ತು. ಹಳದಿ ದಾರ. ಎರಡೆರಡು ಗಂಟು. ನಾಲ್ಕು ಜನರ ಮುಂದೆ ಎಂದೂ ಬಾಯಿ ಬಿಡದವಳು ಕಿರುಚಿಯೇಬಿಟ್ಟಳು:

"ಅಣ್ಣಾ, ಇದು ನಮ್ಮ ಬಲೆ! ನಾನು ಹಾಕಿದ ಗಂಟು!"

ಅಣ್ಣ ಬಗ್ಗಿ ಗಂಟನ್ನು ಮುಟ್ಟಿ ನೋಡಿದ. "ನಾನು... ಅದು ನೀರಲ್ಲಿ ಕೊಳೆತು ಹೋಗುತ್ತೆ ಅಂದ್ಕೊಂಡಿದ್ದೆ."

"ನೈಲಾನ್ ಎಲ್ಲಿ ಕೊಳೆಯುತ್ತಪ್ಪ?" ಎಂದರು ವೈದ್ಯೆ. " ಹೊಳೆಯಲ್ಲಿ ನೀರುನಾಯಿ ಕುತ್ತಿಗೆಗೂ ಅದೇ ಉರುಳು, ಕಡಲಲ್ಲಿ ಇದಕ್ಕೂ ಅದೇ."

ಗಂಟು ಬಿಚ್ಚಲಾಗಲಿಲ್ಲ. ವೈದ್ಯೆ ಒಂದೊಂದೇ ಎಳೆ ಕತ್ತರಿಸಿ ಗಾಯಕ್ಕೆ ಔಷಧಿ ಹಾಕಿದರು. ಗುಬ್ಬಿ ಅದರ ನೆತ್ತಿಯ ಮೂಗನ್ನು ಬಿಟ್ಟು ಮೈಗೆಲ್ಲ ಒದ್ದೆ ಬಟ್ಟೆ ಹೊದಿಸಿದಳು. ಅಣ್ಣ ಬಿಸಿಲಿಗೆ ಅಡ್ಡವಾಗಿ ಟಾರ್ಪಾಲ್ ಹಿಡಿದು ನಿಂತ, ಕಣ್ಣು ಮರಿಯ ಮೇಲೆ. ಅರಣ್ಯ ಇಲಾಖೆಯವರು ಬಂದ ಮೇಲೆ ಅದೇ ಟಾರ್ಪಾಲಿನಲ್ಲಿ ಎಲ್ಲರೂ ಸೇರಿ ತಾಯಿಯನ್ನು ಆಳಕ್ಕೆ ಹೊತ್ತೊಯ್ದರು.

ಬಿಟ್ಟ ಕೂಡಲೇ ಅದು ಮುಳುಗಿತು. ಮೇಲೆ ಬರಲೇ ಇಲ್ಲ. ಗುಬ್ಬಿ ಅಣ್ಣನ ತೋಳು ಹಿಡಿದುಕೊಂಡಳು.

ಫುಸ್ಸ್! ದೂರದಲ್ಲಿ ದೊಡ್ಡ ಉಸಿರು. ಪಕ್ಕದಲ್ಲೇ ಇನ್ನೊಂದು, ಪುಟ್ಟದು.

ದಡಕ್ಕೆ ಬಂದವನೇ ಅಣ್ಣ ದೋಣಿಗಳ ಸಾಲಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದ: "ಹರಿದ ಬಲೆ ನೀರಿಗೆ ಹಾಕಿದವರು ಮೊದಲು ನನ್ನ ಹತ್ತಿರ ಬನ್ನಿ! ನಾನೇನು ನೋಡಿದೆ ಅಂತ ಹೇಳ್ತೀನಿ!"

ಅಕ್ಕಂದಿರೇ, ಅಣ್ಣಂದಿರೇ, ಹರಿದ ಬಲೆಯನ್ನು ದಡಕ್ಕೆ ತನ್ನಿ, ಚೂರು ಕೂಡ ನೀರಿಗೆ ಬಿಡಬೇಡಿ. ಡಾಲ್ಫಿನ್ ದಡಕ್ಕೆ ಬಂದು ಬಿದ್ದರೆ ಎಳೆಯಬೇಡಿ, ನೆತ್ತಿಗೆ ನೀರು ಸುರಿಯಬೇಡಿ. ನೆರಳು ಮಾಡಿ, ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ಅದರ ಮರಿ ಅಲ್ಲೇ ಎಲ್ಲೋ ಹಸಿದು ಕಾಯುತ್ತಿರಬಹುದು.