ಬಲಗಣ್ಣಿನ ನೀಲಿ

ಶಹಾಪುರದ ಅರ್ಜುಮಂದಳಿಗೆ ಮದುಮಗಳ ಕಣ್ಣು ತಿದ್ದುವುದೆಂದರೆ ನೀರು ಕುಡಿದಷ್ಟು ಸುಲಭ. ಆದರೆ ಗುಡ್ಡಿ ಫೋನಿಗೆ ಕಳಿಸಿದ್ದು ಹೊಸ ಬೇಡಿಕೆ: ರೆಪ್ಪೆಯ ಅಂಚಿನಲ್ಲಿ ಕಡುನೀಲಿ, ಮೇಲೇರುತ್ತ ಹೊಗೆಯಾಡಿದ ಹಾಗೆ ಮಾಸಬೇಕು. ಸ್ಮೋಕಿ ಐ ಅಂತೆ. ಗುಡ್ಡಿ ಬೇರೆ ಯಾರೋ ಅಲ್ಲ, ಸುರಪುರದಲ್ಲಿರುವ ತಮ್ಮ ಫಿರೋಜನ ಮಗಳು. ಇವತ್ತು ಅವಳ ನಿಕಾಹ್.

ಹೊಸ ಬಣ್ಣವನ್ನು ಯಾರ ಮೇಲೆ ಹಚ್ಚಿ ನೋಡುವುದು? ತಲಾಖ್ ಆಗಿ ಒಂಬತ್ತು ವರ್ಷ, ಮನೆಯಲ್ಲಿ ಅವಳೊಬ್ಬಳೇ. ಬೆಳಿಗ್ಗೆ ತನ್ನ ಬಲಗಣ್ಣಿಗೇ ಹಚ್ಚಿಕೊಂಡಳು. ಎಡಗಣ್ಣನ್ನು ಬರಿದೇ ಬಿಟ್ಟಳು. ಎರಡನ್ನೂ ಹೋಲಿಸಿದರೆ ಬಣ್ಣ ಎಷ್ಟು ಎದ್ದಿದೆ ಎಂದು ತಿಳಿಯುತ್ತದೆ, ಅದು ಅವಳ ರೂಢಿ. ಅಷ್ಟರಲ್ಲಿ ಫಿರೋಜನ ಹೆಂಡತಿ ಅಖ್ತರಬೇಗಂಳ ಫೋನು.

"ಆಪಾ, ಇನ್ನೂ ಹೊಂಟಿಲ್ಲೇನ್ರಿ? ಹುಡುಗಿ ಜಳಕ ಮಾಡಿ ಕುಂತಾಳ!"

ಅರ್ಜುಮಂದ ಅಲಂಕಾರದ ಪೆಟ್ಟಿಗೆ ಎತ್ತಿಕೊಂಡು, ನಕಾಬ್ ಬಿಗಿದು ಬಸ್ಸಿಗೆ ಓಡಿದಳು. ಬಲಗಣ್ಣಿನ ನೀಲಿ ಹಾಗೇ ಉಳಿಯಿತು. ಮರೆತಳು, ಏನು ಮಾಡುವುದು? ಅವಳ ಜೀವವೆಲ್ಲ ಚೀಲದೊಳಗಿನ ಬೆಳ್ಳಿಯ ಸುರ್ಮಾದಾನಿಯ, ಕಣ್ಣಿಗೆ ಹಚ್ಚುವ ಕಪ್ಪಿನ ಡಬ್ಬಿಯ, ಮೇಲಿತ್ತು. ಅವರ ಮನೆತನದಲ್ಲಿ ಅಲಂಕಾರದ ಕೊನೆಗೆ ಮದುಮಗಳ ಕಣ್ಣಿಗೆ ಸುರ್ಮಾ ಎಳೆಯುವವಳು ಫುಪ್ಪಿ, ಅಪ್ಪನ ಅಕ್ಕ. ಗುಡ್ಡಿಗೆ ಇರುವುದು ಒಬ್ಬಳೇ ಫುಪ್ಪಿ. ಗಂಡ ಬಿಟ್ಟವಳು ಹಚ್ಚಬಾರದೆಂಬುದು ಅವಳಿಗೂ ಗೊತ್ತು. ಆದರೂ ತಮ್ಮ "ನಮ್ಮ ಆಪಾನೇ ಹಚ್ಚಲಿ" ಅಂದಾನು ಎಂಬ ಆಸೆ. ಆಸೆಗೆ ಲಗಾಮು ಹಾಕಿದವರುಂಟೇ?

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡಿನ ಫೋಟೋ ನೋಡಿ ಟಿಕೆಟ್ ಹರಿದುಕೊಟ್ಟ. ಎದುರಿಗೆ ತೆರೆದಿದ್ದ ಎರಡು ಕಣ್ಣುಗಳನ್ನು ನೋಡಲಿಲ್ಲ.

ಸುರಪುರದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅರ್ಜುಮಂದ ನಕಾಬ್ ತೆಗೆದಳು. ಅಖ್ತರಬೇಗಂ ಚಹಾ ಇಟ್ಟು ಆ ಕಡೆ ತಿರುಗಿಯೇ ಬಿಟ್ಟಳು. ಗುಡ್ಡಿ ಕಣ್ಣು ಮುಚ್ಚಿ ಕುಳಿತಳು. ಒಂದು ತಾಸಿನ ಮೇಲೆ ಕಣ್ಣು ಬಿಟ್ಟವಳು ಮೊದಲು ನೋಡಿದ್ದು ಕೈಗನ್ನಡಿಯನ್ನು.

"ಹಾಯ್ ಅಲ್ಲಾ, ಎಷ್ಟ್ ಚಂದ ಆಗ್ಯಾವ!" ಎಂದು ಕನ್ನಡಿಗೇ ಹೇಳಿದಳು.

ಅರ್ಜುಮಂದ ಚೀಲಕ್ಕೆ ಕೈ ಹಾಕಿದ್ದಳು. ಅಖ್ತರಬೇಗಂ ತಡೆದಳು. "ಆಪಾ, ಸುರ್ಮಾ ಹಚ್ಚಾಕ ಗಂಡ ಇದ್ದ ಹೆಂಗಸರು ಬರಾಕತ್ಯಾರ. ನೀವು ಆ ಕಡಿ ಕುಂದರ್ರಿ. ತಪ್ಪು ತಿಳ್ಕೋಬ್ಯಾಡ್ರಿ."

ಬಾಗಿಲಲ್ಲಿ ಫಿರೋಜ್ ನಿಂತಿದ್ದ. ಚಿಕ್ಕವನಿದ್ದಾಗ ಅವನ ಕಣ್ಣಿಗೆ ದಿನಾ ಸುರ್ಮಾ ಹಚ್ಚಿದವಳು ಇವಳೇ. ಅವನು ಫೋನು ನೋಡುತ್ತ, "ಉಂಡು ಹೋಗ್ರಿ ಆಪಾ, ಆಮ್ಯಾಲ ಬಸ್ ಸಿಗಂಗಿಲ್ಲ" ಅಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಅವಳು ಉಣ್ಣದೆ, ನಕಾಬ್ ಬಿಗಿದು ಹೊರಟಳು.

ಶಹಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವಳು ಹಣಮಂತಮ್ಮ, ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಮರಳುತ್ತಿದ್ದ ಮುದುಕಿ. ಕುಳಿತವಳೇ ಇವಳ ಕಣ್ಣನ್ನೇ ದಿಟ್ಟಿಸಿದಳು.

"ಯವ್ವಾ, ಯಾರು ಹೊಡದಾರವ್ವ? ಕಣ್ಣು ನೀಲಿಗಟ್ಟ್ಯದಲ್ಲ!"

ಅರ್ಜುಮಂದ ಪೆಟ್ಟಿಗೆಯ ಕನ್ನಡಿ ತೆಗೆದಳು. ಒಂದು ಕಣ್ಣು ಕಡುನೀಲಿ, ಒಂದು ಕಣ್ಣು ಬರಿದು. ಬೆಳಗಿನಿಂದ ಹಾಗೇ ಇತ್ತು. ಅಖ್ತರಬೇಗಂ, ಗುಡ್ಡಿ, ಒಡಹುಟ್ಟಿದ ತಮ್ಮ, ಮದುವೆಮನೆ ತುಂಬ ಜನ. ಒಬ್ಬರೂ ಅವಳ ಮುಖ ನೋಡಿರಲಿಲ್ಲ. ಅವಳಿಗೆ ತಡೆಯಲಾರದ ದುಃಖವಾಯಿತು.

"ಗಂಡ ಹೊಡದಾನೇನು? ಅಂಜಬ್ಯಾಡ, ಹೇಳು."

"ಇಲ್ಲ ಯವ್ವಾ. ಹೊಡಿಯಾಕರ ಮನ್ಯಾಗ ಯಾರದಾರ?"

ಹಣಮಂತಮ್ಮ ನಂಬಲಿಲ್ಲ. ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಬಿಸಿ ಊದಿ, ಆ ಕಣ್ಣಿಗೆ ಮೆಲ್ಲಗೆ ಒತ್ತಿ ಹಿಡಿದಳು. ಸೆರಗಿಗೆ ಮೀನಿನ ವಾಸನೆಯಿತ್ತು. ಅರ್ಜುಮಂದ ಕಣ್ಣು ಮುಚ್ಚಿದಳು. ಅದು ಬಣ್ಣವೆಂದು ಶಹಾಪುರ ಬರುವವರೆಗೂ ಹೇಳಲಿಲ್ಲ.