ಸೇಬಿನ ಮರದ ಹಲ್ಲು

ಹಳದಿ ಮುಚ್ಚಳದ ಡಬ್ಬಿಯೋ, ಹಸಿರು ಮುಚ್ಚಳದ್ದೋ ತಿಳಿಯದೆ ಅದಿತಿ ಗೇಟಿನ ಬಳಿ ನಿಂತಿದ್ದಳು. ಕಸದ ಲಾರಿ ಬರುವ ದಿನ. ಯಾವ ವಾರ ಯಾವುದು ಎಂಬುದು ಗಂಡ ವಿನಯನಿಗೆ ಗೊತ್ತಿರುತ್ತಿತ್ತು. ಎದುರು ಮನೆಯವರು ಹಳದಿಯದನ್ನು ಇಟ್ಟಿದ್ದರು. ಅವಳೂ ಅದನ್ನೇ ಎಳೆದು ತಂದಳು.

ಅವನ ಅಂತ್ಯಕ್ರಿಯೆ, ಶಾಂತಿಹೋಮ, ವೈಕುಂಠ ಸಮಾರಾಧನೆ ಎಲ್ಲ ಮುಗಿದಿದ್ದವು. ಮೈದುನ ಸಂದೀಪ ಹಿಂದಿನ ಸಂಜೆ ಬ್ರಿಸ್ಬೇನಿಗೆ ಮರಳಿದ್ದ. ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆಯ ಆ ಮನೆಯಲ್ಲಿ ಈಗ ಅವಳು, ಅತ್ತೆ ಸುಭದ್ರಮ್ಮ, ಇಬ್ಬರೇ. ಉತ್ತರದ ಬಿಸಿಗಾಳಿ ಬೀಸುತ್ತಿತ್ತು. ಅದಿತಿ ಅಡುಗೆಮನೆಗೆ ಬಂದಳು, ನಡುಮನೆಗೆ ಹೋದಳು, ಫ್ರಿಜ್ ತೆಗೆದು ಹಾಗೇ ಮುಚ್ಚಿದಳು.

"ಒಂದ್ಕಡೆ ಕೂತ್ಕೋಬಾರ್ದೇನಮ್ಮಾ? ಉಪ್ಪಿಟ್ಟು ಆರೋಗತ್ತೆ," ಎಂದರು ಸುಭದ್ರಮ್ಮ.

ಕೂರುವಷ್ಟರಲ್ಲಿ ಫೋನ್ ಬಂತು.

"ಅದಿತಿ, ನಾನು ಲಿಯೋನಾರ್ಡ್ ಅಂಕಲ್. ಈಗ ಕೇಳುವ ವಿಷಯ ಅಲ್ಲ, ನಂಗೆ ಗೊತ್ತುಂಟು. ಆದ್ರೆ ಭಾನುವಾರ ಗಿರಣಿಯಲ್ಲಿ ಓಪನ್ ಡೇ, ಜನ ನೋಡ್ಲಿಕ್ಕೆ ಬರ್ತಾರಲ್ವಾ? ವಿನಯ ಚಕ್ರದ ನಾಲ್ಕು ಹಲ್ಲು ಮನೆಗೆ ತಕೊಂಡು ಹೋಗಿದ್ದ. ಅದ್ರ ಹಾಗೆ ಹೊಸದು ಮಾಡಿ ಹಳೇದು ವಾಪಸ್ ಕೊಡ್ತೇನೆ ಅಂದಿದ್ದ. ಹೊಸದು ಆಗದಿದ್ರೆ ಬೇಡ, ಹಳೇದೇ ಸಾಕು. ಒಂದು ದಿನ ಹೇಗಾದ್ರೂ ತಿರುಗಿಸುವ."

ಲಿಯೋನಾರ್ಡ್ ಮಂಗಳೂರಿನವರು. ಬಹರೇನಿನ ಹಡಗುಕಟ್ಟೆಯಲ್ಲಿ ಫಿಟರ್ ಆಗಿದ್ದು, ಆಮೇಲೆ ಪರ್ತ್‌ನಲ್ಲಿ ದುಡಿದು, ನಿವೃತ್ತಿಯ ನಂತರ ಹತ್ತಿರದ ಕಿಲ್ಬರ್ನ್‌ನಲ್ಲಿ ನೆಲೆಸಿದವರು. ಅಡಿಲೇಡಿನ ಆಚೆ, ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಹಳೆಯ ಗಾಳಿಗಿರಣಿಯಿತ್ತು. ಸುತ್ತಲ ರೈತರ ಗೋಧಿಯೆಲ್ಲ ಒಂದು ಕಾಲಕ್ಕೆ ಅಲ್ಲೇ ಹಿಟ್ಟಾಗುತ್ತಿತ್ತು. ಉಗಿಯಂತ್ರ ಬಂದ ಮೇಲೆ ರೆಕ್ಕೆಗಳು ಬಿದ್ದುಹೋಗಿ ಪಾರಿವಾಳಗಳ ಗೂಡಾಗಿತ್ತು. ಅದನ್ನು ಮತ್ತೆ ಕಟ್ಟಿ ನಿಲ್ಲಿಸಲು ಹೊರಟ ಸ್ವಯಂಸೇವಕರ ಗುಂಪಿಗೆ ಲಿಯೋನಾರ್ಡರೇ ಮೇಸ್ತ್ರಿ. ಮೆಕ್ಯಾನಿಕಲ್ ಎಂಜಿನಿಯರ್ ಆದ ವಿನಯ ಶನಿವಾರ ತಪ್ಪಿಸುತ್ತಿರಲಿಲ್ಲ.

ದಿನಾ ಊಟದ ಹೊತ್ತಿಗೆ ಅವನದು ಅದೇ ಮಾತು. ರೆಕ್ಕೆ ದೊಡ್ಡ ಚಕ್ರವನ್ನು ತಿರುಗಿಸುತ್ತದೆ, ಚಕ್ರದ ಮರದ ಹಲ್ಲುಗಳು ಕಬ್ಬಿಣದ ಗಾಲಿಯನ್ನು ತಳ್ಳುತ್ತವೆ, ಅದರ ಕೆಳಗೆ ಬೀಸುವ ಕಲ್ಲು. ಏನಾದರೂ ಸಿಕ್ಕಿಕೊಂಡರೆ ಮರ ಮುರಿಯುತ್ತದೆ, ಕಬ್ಬಿಣ ಉಳಿಯುತ್ತದೆ. ಎರಡು ಚಕ್ರಗಳ ಹಲ್ಲಿನ ಲೆಕ್ಕ ಬೇಕೆಂದೇ ಹೊಂದದ ಹಾಗೆ ಇಟ್ಟಿರುತ್ತಾರಂತೆ. ಪ್ರತಿ ಸುತ್ತಿನಲ್ಲೂ ಅದೇ ಹಲ್ಲಿಗೆ ಅದೇ ಹಲ್ಲು ಸಿಕ್ಕರೆ ಎರಡೂ ಬೇಗ ಸವೆಯುತ್ತವಂತೆ. "ಸಾರು ಆರ್ತಿದೆ," ಎನ್ನುತ್ತಿದ್ದಳು ಅವಳು.

ಗರಾಜಿನ ಕಪಾಟಿನಲ್ಲಿ ಅವನು ಹಲ್ಲುಗಳನ್ನಿಟ್ಟಿದ್ದ ಡಬ್ಬವಿತ್ತು. ಒಳಗೆ ಹಳೆಯ ಟವೆಲ್ಲಿನ ಮಡಿಕೆ ಮಾತ್ರ. ಅವಳು ಸಂದೀಪನಿಗೆ ವಾಟ್ಸಾಪ್ ಕರೆ ಮಾಡಿ ಸ್ಪೀಕರಿಗೆ ಹಾಕಿದಳು.

"ಆ ಮರದ ತುಂಡುಗಳಾ ಅತ್ತಿಗೆ? ಹೋಮಕ್ಕೆ ಸೌದೆ ಸಾಲ್ದೇ ಬಂತಲ್ಲ, ಆಗ ಹಾಕ್ಬಿಟ್ಟೆ. ಸ್ಕ್ರ್ಯಾಪ್ ಅಂದ್ಕೊಂಡೆ. ಯಾಕೆ, ಏನಾಯ್ತು?"

ಏನಿಲ್ಲವೆಂದಳು. ಹೋಮದ ಹೊಗೆ ಸ್ವಲ್ಪ ಸಿಹಿಯಾಗಿತ್ತು. ವಾರವಿಡೀ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಂಡು ರಜೆಯಲ್ಲಿ ಪೌರೋಹಿತ್ಯ ಮಾಡುವ ರಮಾಕಾಂತ್, "ಭಾಳ ಒಳ್ಳೆ ಸೌದೆ, ಎಲ್ಲಿ ಸಿಕ್ತು?" ಎಂದು ಕೇಳಿದ್ದು ನೆನಪಾಯಿತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸುಭದ್ರಮ್ಮನ ಮುಖ ಬಿಳಿಚಿಕೊಂಡಿತು.

"ಇನ್ನೊಬ್ಬರ ವಸ್ತುನಾ? ನನ್ ಮಗನ ಹೋಮಕ್ಕಾ?"

ಅವರು ಹಿತ್ತಲ ಬಾಗಿಲಿಗೆ ಹೋಗಿ, ಬಗ್ಗಿ, ಅದಕ್ಕೆ ಆನಿಸಿದ್ದ ಮರದ ತುಂಡನ್ನು ಎಳೆದರು. ಗಾಳಿಗೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

"ಒಂದೇ ಸಮ ಬಡ್ಕೋತಿತ್ತು ಅಂತ ನಾನೇ ಒಂದು ತಂದಿಟ್ಟಿದ್ದೆ." ಸೆರಗಿನಲ್ಲಿ ಒರೆಸಿ ಅದಿತಿಯ ಕೈಗಿಟ್ಟರು. "ಸುಟ್ಟಿದ್ದು ಹೇಳ್ಬೇಡ. ಎಲ್ಲಿಟ್ಟಿದ್ನೋ, ಉಳಿದಿದ್ದು ಸಿಗಲಿಲ್ಲ ಅನ್ನು. ಹೋದವನನ್ನ ಯಾರೂ ಏನೂ ಕೇಳಲ್ಲ."

ಅದಿತಿ ಕಾರಿನ ಕೀಲಿ ತೆಗೆದುಕೊಂಡಳು. ಉಪ್ಪಿಟ್ಟು ಹಾಗೇ ಉಳಿಯಿತು. ಬೆಟ್ಟದ ರಸ್ತೆಯುದ್ದಕ್ಕೂ ಅವಳು ರೇಡಿಯೊ ಹಾಕಿ, ಆರಿಸಿ, ಮತ್ತೆ ಹಾಕಿದಳು. ಸಿಗಲಿಲ್ಲ ಎನ್ನುವುದು ಸುಲಭ. ಆದರೆ ವಿನಯ ಸ್ಕ್ರೂ ಡ್ರೈವರನ್ನು ಕೂಡ ಒರೆಸಿ ಅದರ ಜಾಗದಲ್ಲೇ ಇಡುತ್ತಿದ್ದವನು.

ಗಿರಣಿಯ ಏಣಿ ಕಡಿದಾಗಿತ್ತು. ಚಕ್ರದ ಅಟ್ಟದಲ್ಲಿ ಲಿಯೋನಾರ್ಡ್ ಒಬ್ಬರೇ ಇದ್ದರು. ಅವಳು ಚಾಚಿದ ಹಲ್ಲನ್ನು ತೆಗೆದುಕೊಂಡು ಅವಳ ಹಿಂದೆ ನೋಡಿದರು.

"ಉಳಿದದ್ದು ಕಾರಲ್ಲಿ ಉಂಟಾ?"

"ಸುಟ್ಟೋಯ್ತು ಅಂಕಲ್. ಸೌದೆ ಅಂದ್ಕೊಂಡು ಹೋಮಕ್ಕೆ ಹಾಕಿದ್ವಿ, ನಾವೇ. ವಿನಯ ಟವೆಲಲ್ಲಿ ಸುತ್ತಿ ಜೋಪಾನವಾಗೇ ಇಟ್ಟಿದ್ದ."

ಲಿಯೋನಾರ್ಡ್ ಗೋಧಿಚೀಲದ ಮೇಲೆ ಕುಳಿತುಬಿಟ್ಟರು.

"ಎಂತ ಮಾರಾಯ್ತಿ ಇದು! ನೂರೆಪ್ಪತ್ತು ವರ್ಷದ ಸೇಬಿನ ಮರ. ಹುಳ ತಿನ್ಲಿಲ್ಲ, ಮಳೆ ತಿನ್ಲಿಲ್ಲ. ನೀವು..." ಏರಿದ ದನಿ ಅಲ್ಲೇ ನಿಂತಿತು. ಹಲ್ಲನ್ನು ಅಂಗೈಯಲ್ಲಿ ತಿರುಗಿಸುತ್ತಾ, "ಕಮಿಟಿಗೆ ಹೇಳದೆ ಕೊಟ್ಟದ್ದು ನಾನು," ಎಂದರು.

"ಅವ್ರಿಗೆ ನಾನೇ ಹೇಳ್ತೀನಿ."

"ಎಂತ ಹೇಳ್ತಿ? ಹೋಮ ಅಂದ್ರೆ ಅವ್ರಿಗೆ ಗೊತ್ತುಂಟಾ? ಗಿರಣಿಯ ಹಲ್ಲಲ್ಲಿ ಇಂಡಿಯನ್ಸ್ ಬಾರ್ಬೆಕ್ಯೂ ಮಾಡಿದ್ರು ಅಂತ ಊರಿಡೀ ಹೇಳ್ತಾರೆ."

ಅದಿತಿಯ ಗಂಟಲಿನಿಂದ ಏನೋ ಸದ್ದು ಬಂತು. ನಗು ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಲಿಯೋನಾರ್ಡ್ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಭಾನುವಾರ ಇದು ತಿರುಗುದಿಲ್ಲ," ಎಂದರು. "ಜನ ನಿಂತದ್ದನ್ನೇ ನೋಡಿ ಹೋಗ್ಲಿ. ನಮೂನೆಗೆ ಒಂದು ಉಳಿದಿದೆಯಲ್ಲ, ಉಳಿದದ್ದು ಮಾಡುವ." ರಟ್ಟಿನ ಮೇಲೆ ಹಲ್ಲನ್ನಿಟ್ಟು, ಎಲ್ಲ ಮಗ್ಗುಲಿನಿಂದಲೂ ಸುತ್ತ ಗೆರೆ ಎಳೆದುಕೊಂಡರು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದೊಂದು ಈಗ್ಲೇ ಕೂರಿಸುವ. ಆದ್ರೆ ನಾಲ್ಕರಲ್ಲಿ ಯಾವ ತೂತಿಂದು?"

ಚಕ್ರದೊಳಗೆ ಸೇರುವ ಕಾಲಿನ ಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ೩ ಎಂದು ಬರೆದಿತ್ತು. ಬಾಲ ಉದ್ದವಾದ, ವಿನಯನ ಕೈಯ ಮೂರು.

"ಮೂರನೇದು," ಎಂದಳು ಅದಿತಿ.

ಲಿಯೋನಾರ್ಡ್ ಹಲ್ಲಿಗೆ ಮೇಣ ಸವರಿ ತೂತಿಗೆ ಆನಿಸಿ ಹಿಡಿದರು. ಮರದ ಸುತ್ತಿಗೆಯನ್ನು ಅವಳತ್ತ ನೀಡಿದರು. ಅವಳು ಮೆಲ್ಲಗೆ ಹೊಡೆದಳು.

"ಜೋರು ಹಾಕು. ಅದಕ್ಕೇನೂ ನೋಯುದಿಲ್ಲ."

ಹಲ್ಲು ಇಷ್ಟಿಷ್ಟೇ ಒಳಗೆ ಹೋಯಿತು. ಅಂಕಿಯ ಬಾಲ ಮಾತ್ರ ಹೊರಗುಳಿದಾಗ ಅವಳ ಕೈ ನಿಂತಿತು. ಅವಳು ಇನ್ನೊಂದು ಪೆಟ್ಟು ಹಾಕಿದಳು.

ಹೊರಗೆ, ಬಿಗಿದು ಕಟ್ಟಿದ್ದ ಹೊಸ ರೆಕ್ಕೆಗಳನ್ನು ಗಾಳಿ ಎಳೆಯುತ್ತಿತ್ತು. ಮೇಲಿನ ತೊಲೆ ನರಳಿತು. ಅದರ ಸಂದಿಯಿಂದ ಹಳೆಯ ಹಿಟ್ಟಿನಂಥ ಧೂಳು ಉದುರಿ ಅವಳ ಮಣಿಕಟ್ಟಿನ ಮೇಲೆ ಕೂತಿತು.