ಅರ್ಜಿ ಹಾಕಿದ ಹದಿನಾಲ್ಕನೆಯ ದಿನ

ಜೇವರ್ಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ವಿದ್ಯಾವತಿ ಲಕ್ವಾ ಹೊಡೆದ ಎಷ್ಟೋ ಮಂದಿಯನ್ನು ನೋಡಿದ್ದಳು. ಆದರೂ ಆ ಭಾನುವಾರ ಬೆಳಿಗ್ಗೆ ಅವ್ವ ಭಾಗಮ್ಮನ ಕೈಯಿಂದ ರೊಟ್ಟಿ ಜಾರಿ, ಬಾಯಿ ಒಂದು ಕಡೆ ಸೊಟ್ಟಗಾದಾಗ ಅವಳು ಮೊದಲು ಬಾಗಿದ್ದು ಬಿದ್ದ ರೊಟ್ಟಿ ಎತ್ತಿಡಲು. ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಹನ್ನೊಂದರ ಹೊತ್ತಿಗೆ ಭಾಗಮ್ಮ ಕಲಬುರಗಿಯ ಆಸ್ಪತ್ರೆಯೊಂದರ ಐಸಿಯುವಿನಲ್ಲಿದ್ದಳು. ಮೂರು ದಿನ ಕಳೆಯದೆ ಏನೂ ಹೇಳಲಾಗದು ಎಂದರು ಡಾಕ್ಟರು.

ಅಫಜಲಪುರದಲ್ಲಿ ಬಸ್ ಕಂಡಕ್ಟರಾಗಿದ್ದ ತಮ್ಮ ಧಮ್ಮಪಾಲ ಡ್ಯೂಟಿ ಬಿಟ್ಟು ಓಡಿ ಬಂದ. ಬಂದವನು ಮೊದಲು ಕೇಳಿದ್ದೇ ಕಿರಿಯ ತಂಗಿ ಮಹಾನಂದಾಗೆ ಅಕ್ಕ ತಿಳಿಸಿದ್ದಾಳೋ ಎಂದು. ಇಲ್ಲ ಎಂದಾಗ ಒಳ್ಳೆಯದಾಯಿತು ಎಂದ.

ಮಹಾನಂದಾ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಓದಾದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಲು ಬೇರೆ ವೀಸಾ ಬೇಕು. ವಿದ್ಯಾರ್ಥಿ ವೀಸಾ ಮುಗಿಯುವುದರೊಳಗೆ, ಆ ದೇಶದಲ್ಲಿದ್ದುಕೊಂಡೇ ಅರ್ಜಿ ಹಾಕಬೇಕು. ಅವಳು ಓದು ಮುಗಿಸಿದ ಸುದ್ದಿಯನ್ನು ವಿಶ್ವವಿದ್ಯಾಲಯ ಸರ್ಕಾರಕ್ಕೆ ತಿಳಿಸಲು ತಡಮಾಡಿದ್ದರಿಂದ ಅರ್ಜಿ ಹೋದಾಗ ಗಡುವಿಗೆ ಎರಡೇ ದಿನ ಉಳಿದಿತ್ತು. ಅದಾಗಿ ಇವತ್ತಿಗೆ ಹದಿನಾಲ್ಕು ದಿನ. ಉತ್ತರ ಬರುವವರೆಗೆ ಅಲ್ಲಿರಬಹುದು, ಅದಕ್ಕೆ ಎಂಟು ವಾರವೂ ಹಿಡಿಯಬಹುದು. ಅಷ್ಟರೊಳಗೆ ದೇಶ ಬಿಟ್ಟರೆ ಅರ್ಜಿ ಹಿಂತೆಗೆದುಕೊಂಡಂತೆ. ಹಳೆಯ ವೀಸಾ ಮುಗಿದಿದ್ದರಿಂದ ಮತ್ತೊಮ್ಮೆ ಹಾಕುವ ದಾರಿಯೂ ಇಲ್ಲ. ಅಲ್ಲಿನ ಆರೋಗ್ಯ ಸಂಸ್ಥೆಯೊಂದು ಕೆಲಸ ಕೊಡಲು ಒಪ್ಪಿ, ಆ ವೀಸಾಕ್ಕಾಗಿಯೇ ಕಾಯುತ್ತಿತ್ತು.

“ಹೇಳಿದ್ರ ಆಕಿ ವಿಮಾನ ಹತ್ತೇ ಬಿಡ್ತಾಳ. ಅವ್ವ ಎದ್ದು ಕುಂತ ಮ್ಯಾಲ ಹೇಳೂಣು,” ಎಂದ ಧಮ್ಮಪಾಲ.

ಸಂಜೆ ಎಂದಿನಂತೆ ಮಹಾನಂದಾಳ ಫೋನು ಬಂತು. ಅವ್ವ ಮದುವೆಗೆಂದು ಆಳಂದಕ್ಕೆ ಹೋಗಿದ್ದಾಳೆ ಎಂದು ವಿದ್ಯಾವತಿ ಹೇಳಿದಳು. ಯಾರ ಮದುವೆ ಎಂದು ತಂಗಿ ಕೇಳಿದಾಗ ಬಾಯಿಗೆ ಬಂದ ಹೆಸರು ಹೇಳಿದಳು. ಫೋನು ಇಟ್ಟು ಐಸಿಯು ಬಾಗಿಲ ಮುಂದೆ ಕೂತಳು. ತನ್ನ ಆಸ್ಪತ್ರೆಗೆ ತಡವಾಗಿ ಬಂದು ವಾರ್ಡಿನ ಬಾಗಿಲಲ್ಲಿ ನಿಂತು, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದವರ ಮುಖ ಅವಳು ಬಹಳ ನೋಡಿದ್ದಳು. ಅವ್ವ ಉಳಿಯದಿದ್ದರೆ ನಾಳೆ ತಂಗಿಗೆ ಯಾವ ಮುಖ ತೋರಿಸುವುದು?

ಮರುದಿನ ಮಧ್ಯಾಹ್ನ ಧಮ್ಮಪಾಲ ಔಷಧಿ ತರಲು ಹೋದಾಗ ಅವಳೇ ಫೋನು ಮಾಡಿದಳು.

“ಮಹಾನಂದಾ, ನಿನ್ನಿ ಸುಳ್ಳ ಹೇಳೀನಿ. ಅವ್ವಗ ಲಕ್ವಾ ಹೊಡದದ. ಐಸಿಯುದಾಗ ಇದ್ದಾಳ.”



“ಉಳಿತಾಳೇನು, ಅಕ್ಕಾ?”

“ಗೊತ್ತಿಲ್ಲ. ಇನ್ನೆರಡು ದಿನ ಏನೂ ಹೇಳಾಕ ಆಗಲ್ಲ ಅಂದಾರ.”

“ನಾ ಬರ್ಲೇನು?”

ವಿದ್ಯಾವತಿ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. “ಬಂದ್ರ ಏನಾಗ್ತದ ಅಂಬೋದು ನಿನಗ ಗೊತ್ತದ. ಬರಲಿಲ್ಲಂದ್ರ ಏನಾಗಬಹುದು ಅಂಬೋದೂ ಗೊತ್ತದ. ನಿನ್ನ ತೀರ್ಮಾನ ನಾ ಮಾಡಲ್ಲ. ಇನ್ನ ಮುಚ್ಚಿಡೂದೂ ಇಲ್ಲ.”

ಒಂದು ತಾಸು ಬಿಟ್ಟು ಮಹಾನಂದಾ ತಾನೇ ಫೋನು ಮಾಡಿ, ಅದನ್ನು ಅವ್ವನ ಕಿವಿಗೆ ಹಿಡಿಯಲು ಹೇಳಿದಳು. ಅಲ್ಲಿನ ಸಿಸ್ಟರನ್ನು ಕೇಳಿಕೊಂಡು ವಿದ್ಯಾವತಿ ಹಿಡಿದಳು. ಮಗಳು ಏನು ಹೇಳಿದಳೋ, ಭಾಗಮ್ಮನ ಗಂಟಲಿನಿಂದ ಮಾತಾಗದ ಒಂದು ದನಿ ಹೊರಟಿತು. ಎಡಗೈ ಫೋನನ್ನು ತಡವಿತು. ಬುಧವಾರದವರೆಗೆ ನೋಡುತ್ತೇನೆ ಎಂದಳು ಮಹಾನಂದಾ.

ವಿಷಯ ತಿಳಿದು ಧಮ್ಮಪಾಲ ಅಕ್ಕನೊಂದಿಗೆ ಮಾತು ಬಿಟ್ಟ. ಎರಡು ದಿನ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಐಸಿಯುವಿನ ಗಾಜಿನ ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಬುಧವಾರ ಸಂಜೆ ಅಪಾಯ ದಾಟಿತೆಂದು ಭಾಗಮ್ಮನನ್ನು ವಾರ್ಡಿಗೆ ತಂದರು. ಆಗ ಅವನು ಎರಡು ಕಪ್ ಚಹಾ ತಂದು ಒಂದನ್ನು ಅಕ್ಕನ ಮುಂದಿಟ್ಟ.

ಮಹಾನಂದಾ ಇಂಗ್ಲೆಂಡಿನಲ್ಲೇ ಉಳಿದುಕೊಂಡಳು. ವೀಸಾ ಬಂದದ್ದು ಆಮೇಲೆ ಐದು ವಾರಕ್ಕೆ. ಕೆಲಸಕ್ಕೆ ಸೇರುವ ಮೊದಲು ಹತ್ತು ದಿನ ಊರಿಗೆ ಬಂದಳು. ಅಷ್ಟೊತ್ತಿಗೆ ಭಾಗಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು. ಬಲಗೈ ಮಾತ್ರ ಇನ್ನೂ ಮುಷ್ಟಿ ಬಿಚ್ಚಿರಲಿಲ್ಲ.

ಆ ಸೋಮವಾರ ವಿಮಾನದ ಟಿಕೀಟಿನ ಹಣ ಕಟ್ಟುವ ಪುಟದವರೆಗೂ ಹೋಗಿ ನಿಂತಿದ್ದೆ, ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿಯದು ಎಂದು ಮಹಾನಂದಾ ಅಕ್ಕನಿಗೆ ಹೇಳಿದಳು.  ವಿದ್ಯಾವತಿ ತಂಗಿಯ ಕೈಯನ್ನು ಅವ್ವನ ಬಲಗೈ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ, ನೋಯದಂತೆ ಬಿಡಿಸುವುದು ಹೇಗೆಂದು ತೋರಿಸಿಕೊಟ್ಟಳು.